ಕೆಲಸ ನಡೆದಲ್ಲಿ ಕಸ ಉಳಿದಿರಬೇಕು: ಪ್ರಾಚೀನರ ‘ರಹಸ್ಯ’ಗಳನ್ನು ಪರೀಕ್ಷಿಸುವ ಬಗೆ

ಸೋಮನಾಥಪುರದ ಕೇಶವ ದೇವಾಲಯದ ಒಳಗೆ ನಿಂತು ಕಂಬಗಳನ್ನು ನೋಡುವವರಲ್ಲಿ ಒಬ್ಬರಾದರೂ ಈ ಮಾತು ಆಡಿಯೇ ಆಡುತ್ತಾರೆ: ‘ಇದು ಬರೀ ಕೈಯಲ್ಲಿ ಆಗೋ ಕೆಲಸ ಅಲ್ಲ, ಆಗಲೇ ಏನೋ ಯಂತ್ರ ಇತ್ತು.’ ಆ ಬೆರಗು ನ್ಯಾಯವಾದದ್ದೇ. ಯಂತ್ರವಿತ್ತು ಎನ್ನುವುದೂ ಒಂದು ಮಟ್ಟಿಗೆ ನಿಜವೇ. ತೊಡಕು ಶುರುವಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕಲ್ಲನ್ನು ಕರಗಿಸಿ ಅಚ್ಚಿಗೆ ಹೊಯ್ದರು, ವಿದ್ಯುತ್ ಯಂತ್ರದಲ್ಲಿ ಕಡೆದರು, ಬೇರೆ ಲೋಕದವರು ಬಂದು ಕಲಿಸಿಕೊಟ್ಟರು ಎಂದು ಹೇಳುವ ವಿಡಿಯೊಗಳು ಮೊಬೈಲಿಂದ ಮೊಬೈಲಿಗೆ ಓಡಾಡುತ್ತವೆ. ಈಜಿಪ್ಟಿನ ಪಿರಮಿಡ್, ಮೊಹೆಂಜೊದಾರೊ, ಸಮುದ್ರದಡಿಯ ನಗರ, ಪುರಾಣದ ವಿಮಾನ, ಹೀಗೆ ಎಲ್ಲದರ ಬಗ್ಗೆಯೂ ಇದೇ ಧಾಟಿಯ ವಾದಗಳಿವೆ.

ಇಂಥ ವಾದವನ್ನು ತೂಗಿ ನೋಡಲು ಪುರಾತತ್ವದ ಪದವಿ ಬೇಕಿಲ್ಲ. ಎಲ್ಲಿ ಮನುಷ್ಯರು ಕೆಲಸ ಮಾಡಿದ್ದಾರೋ ಅಲ್ಲಿ ಕಸ ಉಳಿದಿರುತ್ತದೆ: ಕಲ್ಲಿನ ಚಕ್ಕೆ, ಮುರಿದ ಉಳಿ, ಕಬ್ಬಿಣದ ಕಿಟ್ಟ, ಅರ್ಧಕ್ಕೆ ಕೈಬಿಟ್ಟ ಶಿಲ್ಪ, ಕೂಲಿಯವರು ಉಂಡು ಎಸೆದ ಮೂಳೆ, ಲೆಕ್ಕ ಬರೆದ ಓಲೆ. ದೊಡ್ಡ ತಂತ್ರಜ್ಞಾನಕ್ಕೆ ದೊಡ್ಡ ಕಸ. ಯಾವುದೇ ವಾದ ಕಿವಿಗೆ ಬಿದ್ದಾಗ ಮೊದಲು ಕೇಳಬೇಕಾದದ್ದು ‘ಇದರ ಕಸ ಎಲ್ಲಿ ಸಿಕ್ಕಿದೆ?’ ಎಂದು.

ಸೋಮನಾಥಪುರದ ಕಂಬ

ಈ ಪರೀಕ್ಷೆಯನ್ನು ಕಂಬದಿಂದಲೇ ಶುರುಮಾಡೋಣ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳಿರುವ, ಪದರ ಪದರವಾಗಿರುವ ಶಿಲೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಟಾಲ್ಕ್‌ನದು 1, ಕ್ಲೋರೈಟಿನದು ಸುಮಾರು 2ರಿಂದ 2.5. ಉಗುರಿನದೂ ಹೆಚ್ಚುಕಡಿಮೆ 2.5. ಕಬ್ಬಿಣದ ಉಳಿಯ ಗಡಸುತನ 4ರ ಮೇಲೆ. ಅದೇ ಚಾಮುಂಡಿ ಬೆಟ್ಟದಲ್ಲಿ, ಮೇಲುಕೋಟೆಯಲ್ಲಿ ಕಾಣುವ ಗ್ರಾನೈಟಿನಲ್ಲಿ ಗಡಸುತನ 6ರ ಫೆಲ್ಡ್‌ಸ್ಪಾರ್, 7ರ ಬೆಣಚು ಸೇರಿರುತ್ತವೆ. ಹೊಯ್ಸಳ ಶಿಲ್ಪದಲ್ಲಿ ಸರದ ಮಣಿಗಳನ್ನು ಒಂದೊಂದಾಗಿ ಎಣಿಸಬಹುದಾದರೆ, ಗ್ರಾನೈಟಿನ ವಿಗ್ರಹಗಳು ನುಣುಪಾಗಿ, ಕಡಿಮೆ ಅಲಂಕಾರದಲ್ಲಿ ನಿಂತಿದ್ದರೆ ಅದಕ್ಕೆ ಮೊದಲ ಕಾರಣ ಕಲ್ಲೇ. ಶಿಲ್ಪಿಯ ಕೈಚಳಕದ ಮಾತು ಆಮೇಲಿನದು.

ಕಂಬದ ಹತ್ತಿರ ಹೋಗಿ, ಬುಡದಿಂದ ಮೇಲಕ್ಕೆ ನಿಧಾನವಾಗಿ ನೋಡಿ. ಬುಡದ ಭಾಗ ಚೌಕಾಕಾರ. ಅದನ್ನು ಉಳಿಯಿಂದಲೇ ಕೆತ್ತಿದ್ದಾರೆ. ಅದರ ಮೇಲೆ ಗಂಟೆಯಂಥ ಉಬ್ಬು, ಬಟ್ಟಲಿನಂಥ ತಗ್ಗು, ತಟ್ಟೆಯಂಥ ಅಂಚುಗಳು ಶುರುವಾಗುತ್ತವೆ. ಈ ದುಂಡು ಭಾಗದ ಮೇಲೆ ಟಾರ್ಚಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಕಂಬದ ಸುತ್ತ ಒಂದೇ ಮಟ್ಟದಲ್ಲಿ ಓಡುವ ಸಣ್ಣ ಸಣ್ಣ ಗೆರೆಗಳು ಅಲ್ಲಲ್ಲಿ ಕಾಣುತ್ತವೆ. ಒರಟಾಗಿ ಕೆತ್ತಿದ ಕಲ್ಲನ್ನು ಇರುಸಿಗೆ ಸಿಕ್ಕಿಸಿ ತಿರುಗಿಸುತ್ತ, ಕಬ್ಬಿಣದ ಉಳಿಯನ್ನು ಒತ್ತಿ ಹಿಡಿದಾಗ ಬೀಳುವ ಗೆರೆಗಳಿವು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವಾಗ ನಡೆಯುವುದೂ ಇದೇ ಕ್ರಿಯೆ. ಇಲ್ಲಿ ತಿರುಗಬೇಕಾದದ್ದು ಮರದ ತುಂಡಿನ ಬದಲು ಟನ್‌ಗಟ್ಟಲೆ ಕಲ್ಲು, ಅಷ್ಟೆ. ಹಾಗಾಗಿ ‘ಲೇತ್ (ತಿರುಗಿಸಿ ಕಡೆಯುವ ಯಂತ್ರ) ಇತ್ತು’ ಎಂಬ ಮಾತು ಕಲಾ ಇತಿಹಾಸಕಾರರಿಗೆ ಹೊಸದಲ್ಲ, ಅವರೇ ಬಹಳ ಹಿಂದೆ ಬರೆದದ್ದು. ಅದಕ್ಕೆ ಬೇಕಾದದ್ದು ಗಟ್ಟಿ ಇರುಸು, ಹಗ್ಗ, ಜನಬಲ ಅಥವಾ ಎತ್ತು, ಸಾಣೆಗೆ ಮರಳು ಮತ್ತು ನೀರು. ವಿದ್ಯುತ್ತಿನ ಪ್ರಸ್ತಾಪ ಬರಬೇಕಾದ ಜಾಗವೇ ಇಲ್ಲಿಲ್ಲ.

ಇನ್ನು ಕರಗಿಸಿ ಹೊಯ್ದರು ಎಂಬ ವಾದ. ಇದನ್ನು ಕಲ್ಲೇ ಅಲ್ಲಗಳೆಯುತ್ತದೆ. ಟಾಲ್ಕ್ ಮತ್ತು ಕ್ಲೋರೈಟಿನ ಹರಳುಗಳೊಳಗೆ ನೀರಿನ ಅಂಶ ಕಟ್ಟಿಕೊಂಡಿರುತ್ತದೆ. ಕಾಯಿಸುತ್ತ ಹೋದರೆ, ಕಲ್ಲು ಕರಗುವ ಮಾತು ಹಾಗಿರಲಿ, 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರುವಷ್ಟರಲ್ಲೇ ಆ ನೀರು ಹೊರಟುಹೋಗಿ ಖನಿಜಗಳು ಒಡೆದು ಬೇರೆಯೇ ಆಗುತ್ತವೆ. ಒಮ್ಮೆ ಕರಗಿ ಆರಿದ ಕಲ್ಲಿನಲ್ಲಿ ಟಾಲ್ಕೂ ಉಳಿಯುವುದಿಲ್ಲ, ಕ್ಲೋರೈಟೂ ಉಳಿಯುವುದಿಲ್ಲ, ಪದರಗಳೂ ಉಳಿಯುವುದಿಲ್ಲ. ಇವು ಇನ್ನೂ ಇರುವ ಕಲ್ಲು ಕರಗಿದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆಮೇಲೆ ಕಸದ ಪ್ರಶ್ನೆ. ಇಲ್ಲಿ ನಮಗೆ ಸಿಗುವುದು ಕಸಕ್ಕಿಂತ ದೊಡ್ಡದು, ಹೆಸರುಗಳು. ಸೋಮನಾಥಪುರದ ಹೊರಗೋಡೆಯ ವಿಗ್ರಹಗಳ ಪೀಠದ ಮೇಲೆ ಶಿಲ್ಪಿಗಳು ಹಳಗನ್ನಡ ಲಿಪಿಯಲ್ಲಿ ಹೆಸರು ಕೊರೆದಿದ್ದಾರೆ. ಮಲ್ಲಿತಮ್ಮನ ಹೆಸರು ಹತ್ತಾರು ಕಡೆ ಬರುತ್ತದೆ. ಮಸಣಿತಮ್ಮ, ಚೌಡೆಯ, ಬಾಲೆಯ ಮುಂತಾದವರೂ ಇದ್ದಾರೆ. ಕಟ್ಟಿಸಿದವನು ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಎಂದು ಹೇಳುವ, ಗುಡಿಗೆ ಬಿಟ್ಟ ದತ್ತಿಯ ವಿವರ ಕೊಡುವ ಶಾಸನವೂ ಅಲ್ಲೇ ಇದೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಈ ದೇವಾಲಯ ಸೇರಿದಾಗ ಗೌರವ ಸಂದದ್ದು ಈ ಜನರಿಗೆ. ‘ಯಾರೋ ಬೇರೆಯವರು ಮಾಡಿಕೊಟ್ಟರು’ ಎಂಬ ಮಾತು ಮಲ್ಲಿತಮ್ಮನ ಹೆಸರನ್ನು ಅವನ ಕೆಲಸದ ಮೇಲಿಂದ ಅಳಿಸುತ್ತದೆ. ಇಂಥ ವಾದಗಳ ವಿಷಯದಲ್ಲಿ ಸುಮ್ಮನಿರಲಾಗದಿರುವುದಕ್ಕೆ ಇದೇ ಮುಖ್ಯ ಕಾರಣ.

ಶಿಲ್ಪದಲ್ಲಿ ‘ಗೇರು’, ‘ದುರ್ಬೀನು’ ಕಂಡೆವು ಎನ್ನುವವರಿಗೂ ಒಂದು ಸರಳ ಪರೀಕ್ಷೆ ಇದೆ. ಒಂದೇ ವಿಗ್ರಹ ನೋಡಿ ತೀರ್ಮಾನಿಸಬೇಡಿ, ಅದೇ ದೇವತೆಯ ಇಪ್ಪತ್ತು ವಿಗ್ರಹಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಿಷ್ಣುವಿನ 24 ರೂಪಗಳನ್ನು ಶಿಲ್ಪಿಗಳು ಬೇರೆಬೇರೆ ಮಾಡಿದ್ದು ಶಂಖ, ಚಕ್ರ, ಗದೆ, ಪದ್ಮಗಳನ್ನು ನಾಲ್ಕು ಕೈಗಳಲ್ಲಿ ಯಾವ ಕ್ರಮದಲ್ಲಿ ಇಡುತ್ತಾರೆ ಎಂಬುದರಿಂದ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ಜೋಡಿಸಲು ಸರಿಯಾಗಿ 24 ಬಗೆಗಳಿವೆ. ಅಷ್ಟು ಬಿಗಿಯಾದ ನಿಯಮದಲ್ಲಿ ಕೆಲಸ ಮಾಡಿದವರ ಚಕ್ರವನ್ನು ಗೇರು ಎಂದು ಓದುವುದು ಅವರ ಭಾಷೆ ತಿಳಿಯದೆ ಅರ್ಥ ಹೇಳಿದ ಹಾಗೆ.

ನೈಲ್ ನದಿಯ ದಂಡೆಯ ಲೆಕ್ಕದ ಓಲೆ

ಇದೇ ಪ್ರಶ್ನೆಯನ್ನು ಗೀಜಾದ ದೊಡ್ಡ ಪಿರಮಿಡ್ಡಿಗೂ ಹಾಕಬಹುದು. ಸುಮಾರು 146 ಮೀಟರ್ ಎತ್ತರ, ಅಂದಾಜು 23 ಲಕ್ಷ ಕಲ್ಲುಗಳು. ‘ಕಟ್ಟಿದವರ ಸುಳಿವೇ ಇಲ್ಲ’ ಎಂದು ಇನ್ನೂ ಹೇಳುವವರಿದ್ದಾರೆ. ಸುಳಿವು ಎಷ್ಟಿದೆಯೆಂದರೆ ಅದನ್ನು ವರ್ಗೀಕರಿಸುವುದೇ ಒಂದು ವೃತ್ತಿಯಾಗಿದೆ. ಪಿರಮಿಡ್ಡಿನ ದಕ್ಷಿಣಕ್ಕೆ ಕೆಲಸಗಾರರ ಊರು ಸಿಕ್ಕಿದೆ. ಅಲ್ಲಿ ರೊಟ್ಟಿ ಸುಡುವ ಒಲೆಗಳು, ದನ, ಕುರಿ, ಮೇಕೆಗಳ ರಾಶಿ ಮೂಳೆ. ಪಕ್ಕದ ಗುಡ್ಡದಲ್ಲಿ ಅವರ ಗೋರಿಗಳಿವೆ. 2013ರಲ್ಲಿ ಫ್ರಾನ್ಸಿನ ಪಿಯರ್ ತಾಲೆ ಅವರ ತಂಡಕ್ಕೆ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್ ಎಂಬಲ್ಲಿ ಪಪೈರಸ್ ಓಲೆಗಳು ಸಿಕ್ಕವು. ಬರೆದವನು ಮೆರೆರ್ ಎಂಬ ಮೇಸ್ತ್ರಿ. ತೂರಾ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೆ ತುಂಬಿ ಗೀಜಾಕ್ಕೆ ಸಾಗಿಸಿದ ದಿನವಹಿ ಲೆಕ್ಕ ಅದು: ಇವತ್ತು ಎಲ್ಲಿ ತಂಗಿದೆವು, ನಾಳೆ ಎಲ್ಲಿಗೆ ಹೊರಟೆವು. ಈ ಪಿರಮಿಡ್ಡನ್ನು ಕಟ್ಟಿಸಿದ ಖುಫು ದೊರೆಯ ಕಾಲದ್ದೇ.

ಅಸ್ವಾನಿನ ಗಣಿಯಲ್ಲಿ ಇನ್ನೂ ಒಳ್ಳೆಯ ಪಾಠವಿದೆ. ಅಲ್ಲಿ ಸುಮಾರು 42 ಮೀಟರ್ ಉದ್ದದ ಒಂದು ಕಲ್ಲುಕಂಬ ಬಂಡೆಯಿಂದ ಬಿಡಿಸುವಾಗಲೇ ಬಿರುಕು ಬಿಟ್ಟು ಹಾಗೆಯೇ ಬಿದ್ದಿದೆ. ಸುತ್ತಲೂ ಗುಂಡುಕಲ್ಲುಗಳಿಂದ ಜಜ್ಜಿ ಜಜ್ಜಿ ತೋಡಿದ ಕಾಲುವೆ, ಸಾಲುಸಾಲಾಗಿ ಜಜ್ಜಿದ ಗುಳಿ, ಬಳಸಿದ ಡೋಲರೈಟ್ ಎಂಬ ಗಟ್ಟಿ ಕಲ್ಲಿನ ಗುಂಡುಗಳು ಎಲ್ಲವೂ ಕಣ್ಣೆದುರಿಗಿವೆ. ಮುಗಿದ ಕೆಲಸ ಬೆರಗು ಹುಟ್ಟಿಸುತ್ತದೆ, ಕೆಟ್ಟ ಕೆಲಸ ಹೇಗೆ ಮಾಡಿದರೆಂದು ಹೇಳಿಕೊಡುತ್ತದೆ. ನಮ್ಮ ಕಡೆಯ ಬಂಡೆಗಳ ಮೇಲೂ ಸಾಲಾಗಿ ಚೌಕ ತೂತುಗಳು ಕಾಣುತ್ತವಲ್ಲ, ಅವು ಬೆಣೆ ಹೊಡೆಯಲು ತೋಡಿದವು. ಬೆಣೆಗಳನ್ನು ಸರದಿಯಂತೆ ಒಂದೊಂದು ಏಟು ಹೊಡೆಯುತ್ತ ಹೋದರೆ ಬಂಡೆ ಆ ಗೆರೆಯಲ್ಲೇ ಸೀಳುತ್ತದೆ. ಏಟು ಒಂದೇ ಕಡೆ ಜಾಸ್ತಿಯಾದರೆ ಅಡ್ಡ ಸೀಳಿ ಕಲ್ಲು ಕೆಡುತ್ತದೆ. ಹಾಗೆ ಕೆಟ್ಟ ಬಂಡೆಗಳಿಗೆ ಗುಡ್ಡದ ಬದಿಗಳಲ್ಲಿ ಬರವಿಲ್ಲ.

ಮೈಸೂರಿನಲ್ಲೇ ಅಚ್ಚಾದ ವಿಮಾನ

ಪ್ರಾಚೀನ ಭಾರತದ ವಿಮಾನಗಳಿಗೆ ಆಧಾರವೆಂದು ಜಗತ್ತಿನಾದ್ಯಂತ ತೋರಿಸುವ ‘ವೈಮಾನಿಕ ಶಾಸ್ತ್ರ’ದ ನಂಟು ನಮ್ಮ ಊರಿಗೇ ಇದೆ. ಮೈಸೂರಿನ ಜಿ.ಆರ್. ಜೋಸ್ಯರ್ ಅವರು 1952ರಲ್ಲಿ ಅದರ ಹಸ್ತಪ್ರತಿಯ ವಿಷಯ ಬಹಿರಂಗಪಡಿಸಿದರು, 1973ರಲ್ಲಿ ಇಂಗ್ಲಿಷ್ ಅನುವಾದ ಮತ್ತು ಚಿತ್ರಗಳ ಸಮೇತ ಪ್ರಕಟಿಸಿದರು. ಅದರಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವಿವರಗಳಿವೆ. ಕರ್ತೃ ಭರದ್ವಾಜ ಮಹರ್ಷಿ ಎನ್ನಲಾಗಿದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು ಇದನ್ನು ಕೈಗೆತ್ತಿಕೊಂಡರು. ಅವರು ನಡೆದ ದಾರಿ ನಮಗೆ ಮಾದರಿ. ನಗಲಿಲ್ಲ, ಜರೆಯಲಿಲ್ಲ. ಮೊದಲು ಪಠ್ಯದ ಹುಟ್ಟು ಹುಡುಕಿದರು. ತಾಳೆಗರಿಯ ಹಳೆಯ ಪ್ರತಿ ಇದೆಯೇ? ಇಲ್ಲ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಬಾಯಲ್ಲಿ ಹೇಳಿದ್ದನ್ನು ವೆಂಕಟಾಚಲ ಶರ್ಮರು 20ನೇ ಶತಮಾನದಲ್ಲಿ ಬರೆದುಕೊಂಡದ್ದು. ಚಿತ್ರಗಳು? ಶಾಸ್ತ್ರಿಗಳು ಹೇಳಿದಂತೆ ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್ ಬರೆದವು. ಭಾಷೆ? ವೇದಕಾಲದ ಸಂಸ್ಕೃತದ ಲಕ್ಷಣಗಳಿಲ್ಲ, ಈಚಿನ ಸರಳ ಸಂಸ್ಕೃತ. ಇದನ್ನೆಲ್ಲ ನೋಡಿ, ಪಠ್ಯ 1904ಕ್ಕಿಂತ ಹಿಂದಿನದಿರಲಾರದು ಎಂಬ ನಿರ್ಣಯಕ್ಕೆ ಬಂದರು. ಅಷ್ಟಕ್ಕೇ ಬಿಡದೆ, ಹೇಳಿರುವ ಯಂತ್ರ ಹಾರಬಲ್ಲದೇ ಎಂಬುದನ್ನೂ ವಾಯುಯಾನ ವಿಜ್ಞಾನದ ಲೆಕ್ಕದಲ್ಲಿ ತೂಗಿದರು. ಪಠ್ಯಕ್ಕೂ ಚಿತ್ರಕ್ಕೂ ಹೊಂದಿಕೆಯಿಲ್ಲ, ವಿವರಿಸಿದ ರೂಪದಲ್ಲಿ ಅವು ಹಾರಲಾರವು ಎಂದು ಕಂಡುಕೊಂಡರು. ಎರಡು ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಕೇಳಿದ್ದೇ ಇಲ್ಲಿನ ಜಾಣತನ. ಪಠ್ಯ ಹಳೆಯದಾಗಿದ್ದರೂ ಯಂತ್ರ ಹಾರದಿರಬಹುದು, ಪಠ್ಯ ಹೊಸದಾಗಿದ್ದರೂ ಯಂತ್ರದ ಕಲ್ಪನೆ ಸರಿಯಿರಬಹುದು. ಇಲ್ಲಿ ಎರಡೂ ನಿಲ್ಲಲಿಲ್ಲ.

ಈಗ ಶ್ರೀರಂಗಪಟ್ಟಣದ ಕಡೆ ತಿರುಗಿ. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳು ನಿಜಕ್ಕೂ ತಮ್ಮ ಕಾಲಕ್ಕಿಂತ ಮುಂದಿದ್ದವು. ಯುರೋಪಿನವರು ಕಾಗದದ ಕೊಳವೆ ಬಳಸುತ್ತಿದ್ದಾಗ ಇಲ್ಲಿ ಕಬ್ಬಿಣದ ಕೊಳವೆ. ಹಾಗಾಗಿ ಒಳಗೆ ಹೆಚ್ಚು ಒತ್ತಡ ತಡೆಯುತ್ತಿತ್ತು, ಹೆಚ್ಚು ದೂರ ಹೋಗುತ್ತಿತ್ತು. ಇದಕ್ಕೆ ಕಸ ಇದೆಯೇ? 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬಲ್ಲಿ ಪಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ ಕೊಳವೆಗಳನ್ನು ರಾಜ್ಯ ಪುರಾತತ್ವ ಇಲಾಖೆ ಹೊರತೆಗೆಯಿತು. ಏಟು ತಿಂದ ಬ್ರಿಟಿಷ್ ಸೈನಿಕರ ಬರಹಗಳಿವೆ. ಹೊತ್ತೊಯ್ದ ಮಾದರಿಗಳು ಲಂಡನ್ನಿಗೆ ಹೋದವು, ಅದನ್ನು ನೋಡಿ ವಿಲಿಯಂ ಕಾಂಗ್ರೀವ್ 19ನೇ ಶತಮಾನದ ಆರಂಭದಲ್ಲಿ ತನ್ನ ರಾಕೆಟ್ ಮಾಡಿದ. ಮಾಡಿದವರು, ಬಳಸಿದವರು, ಏಟು ತಿಂದವರು, ನಕಲು ಮಾಡಿದವರು, ಬಾವಿಗೆ ಎಸೆದವರು, ಎಲ್ಲರ ಗುರುತೂ ಇದೆ. ಸಾವಿರಾರು ವರ್ಷ ಆಕಾಶದಲ್ಲಿ ಓಡಾಡಿದ ವಿಮಾನಕ್ಕೆ ಒಂದು ಮೊಳೆಯಾದರೂ ಸಿಗಬೇಡವೇ?

ಕಲ್ಲಿಗೆ ವಯಸ್ಸು ಹೇಳುವುದು

‘ಈ ಕಲ್ಲನ್ನು ಕಾರ್ಬನ್ ಪರೀಕ್ಷೆ ಮಾಡಿ 12,000 ವರ್ಷ ಎಂದು ಕಂಡುಕೊಂಡಿದ್ದಾರೆ’ ಎಂದು ಯಾರಾದರೂ ಬರೆದಿದ್ದರೆ ಅಲ್ಲಿಗೇ ಓದು ನಿಲ್ಲಿಸಬಹುದು. ಕಾರ್ಬನ್-14 ಪರೀಕ್ಷೆ ನಡೆಯುವುದು ಒಮ್ಮೆ ಜೀವವಿದ್ದ ವಸ್ತುವಿನ ಮೇಲೆ: ಇದ್ದಿಲು, ಕಾಳು, ಮೂಳೆ, ಚಿಪ್ಪು, ಬಟ್ಟೆ. ಜೀವ ಇರುವವರೆಗೆ ಗಾಳಿ, ಆಹಾರದ ಮೂಲಕ ಕಾರ್ಬನ್-14 ಒಳಗೆ ಬರುತ್ತಿರುತ್ತದೆ, ಸತ್ತ ಮೇಲೆ ಕರಗುತ್ತ ಹೋಗುತ್ತದೆ. 5,730 ವರ್ಷಕ್ಕೆ ಅರ್ಧ, ಇನ್ನೊಂದು 5,730ಕ್ಕೆ ಕಾಲು ಭಾಗ. ಸುಮಾರು 50,000 ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದಿಲ್ಲ. ಗ್ರಾನೈಟಿನ ಒಳಗೆ ಇಂಥದ್ದೇನೂ ಇಲ್ಲ. ಕಲ್ಲಿನ ಭೂವೈಜ್ಞಾನಿಕ ವಯಸ್ಸು ತಿಳಿದರೂ ಪ್ರಯೋಜನವಿಲ್ಲ. ನಮ್ಮ ಕಡೆಯ ಬಂಡೆಗಳ ವಯಸ್ಸು ನೂರಾರು ಕೋಟಿ ವರ್ಷ, ಅವನ್ನು ಕಡಿದದ್ದು ಯಾವಾಗ ಎಂದು ಅದು ಹೇಳುವುದಿಲ್ಲ.

ಈಗಿನ ಯಂತ್ರಗಳಿಗೆ ಒಂದು ಮಿಲಿಗ್ರಾಂ ಕಾರ್ಬನ್ ಸಿಕ್ಕರೆ ಸಾಕು. ಮಾದರಿ ಅಷ್ಟು ಚಿಕ್ಕದಾಗಿರುವುದರಿಂದಲೇ ಕೆಡುವುದೂ ಸುಲಭ. ಹಳೆಯ ಇದ್ದಿಲಿನೊಳಗೆ ಈಗಿನ ಹುಲ್ಲಿನ ಬೇರು ಸೇರಿಕೊಂಡಿದ್ದರೆ ವಯಸ್ಸು ಕಡಿಮೆ ಬರುತ್ತದೆ, ವಸ್ತುವನ್ನು ಗಟ್ಟಿ ಮಾಡಲು ಅಂಟು ಬಳಿದಿದ್ದರೆ ಲೆಕ್ಕವೇ ಕೆಡುತ್ತದೆ. ನೂರಾರು ವರ್ಷ ಬದುಕಿದ ಮರದ ತಿರುಳನ್ನು ಪರೀಕ್ಷಿಸಿದರೆ, ಅದನ್ನು ಕಡಿದು ತೊಲೆ ಮಾಡಿದ ದಿನಕ್ಕಿಂತ ನೂರಾರು ವರ್ಷ ಹಿಂದಿನ ಉತ್ತರ ಬರುತ್ತದೆ. ಅದಕ್ಕೇ ಉತ್ಖನನಕಾರರಿಗೆ ಸುಟ್ಟ ರಾಗಿ, ಹುರುಳಿಯಂಥ ಕಾಳು ಸಿಕ್ಕರೆ ಬಂಗಾರ ಸಿಕ್ಕಷ್ಟು ಸಂತೋಷ. ಕಾಳು ಬೆಳೆದದ್ದು ಒಂದೇ ಹಂಗಾಮಿನಲ್ಲಿ.

ವಯಸ್ಸಿಗಿಂತ ಮುಖ್ಯವಾದದ್ದು ಜಾಗ. 2001ರಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯ ತಳದಲ್ಲಿ ‘ಮುಳುಗಿದ ನಗರ’ ಸಿಕ್ಕಿತೆಂಬ ಸುದ್ದಿ ದೊಡ್ಡದಾಗಿ ಬಂತು. ಶಬ್ದದ ಅಲೆ ಕಳಿಸಿ ತೆಗೆಯುವ ಸೋನಾರ್ ಚಿತ್ರಗಳಲ್ಲಿ ಚೌಕ ಆಕೃತಿಗಳು ಕಂಡಿದ್ದವು, ತಳವನ್ನು ಬಾಚಿ ತೆಗೆದ ವಸ್ತುಗಳಲ್ಲಿ ಒಂದು ಮರದ ತುಂಡಿಗೆ ಸುಮಾರು 9,500 ವರ್ಷ ವಯಸ್ಸು ಬಂತು. ಮರದ ವಯಸ್ಸನ್ನು ಒಪ್ಪಿಕೊಳ್ಳೋಣ. ಆದರೆ ಆ ಮರ ಯಾವುದೋ ಕಟ್ಟಡದ ತೊಲೆಯೇ, ನದಿ ತಂದು ಹಾಕಿದ ಕೊರಡೇ? ಬಾಚಿ ತೆಗೆದ ವಸ್ತುವಿಗೆ ಪದರವಿಲ್ಲ, ಜೊತೆಯಲ್ಲಿ ಏನಿತ್ತೆಂಬ ದಾಖಲೆಯಿಲ್ಲ. ಖಂಭಾತ್ ಕೊಲ್ಲಿಯ ಉಬ್ಬರವಿಳಿತವೋ ಬಲು ಬಿರುಸು; ಏನನ್ನಾದರೂ ಎಲ್ಲಿಗಾದರೂ ಒಯ್ಯಬಲ್ಲದು. ಒಂಟಿ ಮರದ ತುಂಡಿನಿಂದ ನಗರ ಕಟ್ಟಲಾಗದು.

ಕರಗಿದ ಗಾಜು ಮತ್ತು ಸಗಣಿ

ಮೊಹೆಂಜೊದಾರೊ ಅಣುಬಾಂಬಿನಿಂದ ನಾಶವಾಯಿತು ಎನ್ನುವವರು ಎರಡು ವಿಷಯ ಮುಂದಿಡುತ್ತಾರೆ: ಬೀದಿಯಲ್ಲಿ ಬಿದ್ದಿದ್ದ ಅಸ್ಥಿಪಂಜರಗಳು, ಕರಗಿ ಗಾಜಾದ ಮಣ್ಣು. ಅಸ್ಥಿಪಂಜರಗಳು ನಲವತ್ತರ ಒಳಗೇ. ಪುರಾತತ್ವಜ್ಞ ಜಾರ್ಜ್ ಡೇಲ್ಸ್ 1964ರಲ್ಲಿ ಉತ್ಖನನದ ದಾಖಲೆಗಳನ್ನು ಮತ್ತೆ ಓದಿ, ಅವೆಲ್ಲ ಒಂದೇ ದಿನದ, ಒಂದೇ ಪದರದ ಹೆಣಗಳಲ್ಲವೆಂದು ತೋರಿಸಿದರು. ‘ಆರ್ಯರು ಬಂದು ಕೊಂದರು’ ಎಂಬ ಮಾರ್ಟಿಮರ್ ವೀಲರ್ ಅವರ ವಾದವೂ ಅಲ್ಲಿಗೆ ಕುಸಿಯಿತು. ಪುರಾವೆ ಇಲ್ಲದ ವಾದ ದೊಡ್ಡ ವಿದ್ವಾಂಸರದ್ದಾದರೂ ಬೀಳುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಬಾಂಬು ಬಿದ್ದ ಊರಿನಲ್ಲಿ ಇಟ್ಟಿಗೆ ಗೋಡೆಗಳು ಹೀಗೆ ಆಳೆತ್ತರಕ್ಕೆ ನಿಂತಿರುವುದೂ ಕಷ್ಟ.

ಗಾಜಿನಂಥ ಮಣ್ಣಿನ ಪ್ರಶ್ನೆಗೆ ಉತ್ತರವು ಕರ್ನಾಟಕದಲ್ಲೇ ಇದೆ. ಬಳ್ಳಾರಿ ಸೀಮೆಯಲ್ಲಿ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ರಾಕ್ಷಸರ ಮೂಳೆ ಸುಟ್ಟ ಬೂದಿ ಎಂದು ಊರವರು, ಜ್ವಾಲಾಮುಖಿಯದೆಂದು ಕೆಲವು ಹಳೆಯ ಪ್ರವಾಸಿಗರು ಹೇಳಿದ್ದರು. ಬೂದಿಯ ಜೊತೆ ಕರಗಿ ಹೆಪ್ಪುಗಟ್ಟಿದ ಗಾಜಿನಂಥ ಗಟ್ಟಿಗಳೂ ಅಲ್ಲಿ ಸಿಗುತ್ತವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯಿರಬೇಕೆಂದು ಹೇಳಿದರು. 1957ರಲ್ಲಿ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದ ರೇಮಂಡ್ ಆಲ್ಚಿನ್ ಅದನ್ನು ಸಾಧಿಸಿ ತೋರಿಸಿದರು: ಕಂಬ ನೆಟ್ಟ ಕುಳಿಗಳಿಂದ ದೊಡ್ಡಿಯ ಬೇಲಿಯ ಸಾಲು, ಒಳಗೆ ಮಣ್ಣಿನಲ್ಲಿ ಉಳಿದ ದನಗಳ ಗೊರಸಿನ ಗುರುತು. ನವಶಿಲಾಯುಗದ ದನಗಾಹಿಗಳು ಒಟ್ಟಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರು. ಹುಲ್ಲು ತಿಂದ ದನದ ಸಗಣಿಯಲ್ಲಿ ಸಿಲಿಕಾ ಇರುತ್ತದೆ, ಬೂದಿಯಲ್ಲಿ ಕ್ಷಾರವಿರುತ್ತದೆ. ಗಾಜು ಮಾಡುವವರು ಕೂಡಿಸುವುದೂ ಇವೆರಡನ್ನೇ. ದೊಡ್ಡ ರಾಶಿ ಹೊತ್ತಿ ಉರಿದರೆ ಕರಗಿ ಗಾಜಾಗಲು ಬಾಂಬು ಬೇಡ. ಸಿಂಧೂ ನಗರಗಳಲ್ಲಿ ಕರಗಿದ ಮಣ್ಣು ಎಂದರೆ ಮೊದಲು ನೆನಪಾಗಬೇಕಾದದ್ದು ಅಲ್ಲಿನ ಕುಂಬಾರರ ಗೂಡುಗಳು.

ಖೋಟಾ ಶಾಸನ ಹಿಡಿಯುವ ಲೆಕ್ಕ

ಬರಹ ಸಿಕ್ಕಿತೆಂದರೆ ಸಾಕ್ಷಿ ಸಿಕ್ಕಿತೆಂದಲ್ಲ. ಹಳೆ ಮೈಸೂರು ಸೀಮೆಯಲ್ಲಿ ಮಹಾಭಾರತದ ಜನಮೇಜಯ ಚಕ್ರವರ್ತಿಯೇ ದಾನ ಕೊಟ್ಟನೆಂದು ಹೇಳುವ ತಾಮ್ರಪಟಗಳು ಸಿಕ್ಕಿವೆ. ಲಿಪಿ ಮಾತ್ರ ಮಧ್ಯಯುಗದ್ದು. ಗಂಗರ ಹೆಸರಿನ ತಾಮ್ರಪಟಗಳಲ್ಲೂ ಹಲವನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ಖೋಟಾ ಎಂದು ತೋರಿಸಿದರು. ಭೂಮಿಯ ಹಕ್ಕು ಸಾಧಿಸಲು ಹಳೆಯ ರಾಜನ ಹೆಸರಿನಲ್ಲಿ ದಾಖಲೆ ಹುಟ್ಟಿಸುವ ಚಾಳಿ ಹೊಸದೇನಲ್ಲ.

ಒಂದು ಪರೀಕ್ಷೆಯನ್ನು ಓದುಗರೇ ಮಾಡಬಹುದು. ನಮ್ಮ ಶಾಸನಗಳು ಸಾಮಾನ್ಯವಾಗಿ ಶಕವರ್ಷ ಮತ್ತು ಸಂವತ್ಸರ ಎರಡನ್ನೂ ಹೇಳುತ್ತವೆ. ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ (ಶೇಷ ಸೊನ್ನೆಯಾದರೆ 60ನೆಯದು, ಅಕ್ಷಯ). ಬೇಲೂರಿನ ಪ್ರತಿಷ್ಠೆಯ ಕಾಲ ಶಕ 1039, ಹೇವಿಳಂಬಿ. 1039ಕ್ಕೆ 12 ಕೂಡಿಸಿದರೆ 1051. 60ರಿಂದ ಭಾಗಿಸಿದರೆ ಶೇಷ 31. ಪ್ರಭವದಿಂದ 31ನೆಯದು ಹೇವಿಳಂಬಿಯೇ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 1117. ಕೆಲವು ಶಾಸನಗಳು ಕಳೆದ ವರ್ಷದ ಬದಲು ನಡೆಯುತ್ತಿರುವ ವರ್ಷ ಎಣಿಸುವುದರಿಂದ ಒಂದರ ವ್ಯತ್ಯಾಸ ಬಂದರೆ ಗಾಬರಿಯಾಗಬೇಕಿಲ್ಲ. ಹತ್ತಿಪ್ಪತ್ತು ವ್ಯತ್ಯಾಸ ಬಂದರೆ ಮಾತ್ರ ಅನುಮಾನಿಸಬೇಕು. ತಜ್ಞರು ಇದರ ಮೇಲೆ ತಿಥಿ, ವಾರ, ಗ್ರಹಣಗಳನ್ನೂ ಕೂಡಿಸಿ ನೋಡುತ್ತಾರೆ. ಸುಳ್ಳು ದಾಖಲೆ ಬರೆದವನು ನಾಲ್ಕನ್ನೂ ಒಟ್ಟಿಗೆ ಸರಿ ಮಾಡುವುದು ಬಹಳ ಕಷ್ಟ.

ಓದುವುದೂ ಶಿಸ್ತಿನ ಕೆಲಸ. ಕಲ್ಲಿಗೆ ಸುಣ್ಣ, ಎಣ್ಣೆ, ಅರಿಶಿನ ಮೆತ್ತಿರುತ್ತದೆ. ಅದನ್ನು ನೀರು ಮತ್ತು ಬ್ರಷ್ಷಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಕಾಗದ ಅಕ್ಷರದ ಗುಳಿಯೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯುತ್ತಾರೆ. ಇನ್ನೇನು ಒಣಗಬೇಕೆನ್ನುವಾಗ ಮೇಲೆ ಮಸಿ ತಟ್ಟುತ್ತಾರೆ. ಅಕ್ಷರ ಬಿಳಿ, ನೆಲ ಕಪ್ಪು; ಇದೇ ಪಡಿಯಚ್ಚು. ಕಾಗದ ಹೆಚ್ಚು ಒದ್ದೆಯಿದ್ದರೆ ಮಸಿ ಹರಡಿ ಅಕ್ಷರ ತುಂಬಿಹೋಗುತ್ತದೆ, ಪೂರ್ತಿ ಒಣಗಿದರೆ ಕಲ್ಲು ಬಿಟ್ಟು ಎದ್ದುಬಿಡುತ್ತದೆ. ಸೀಮೆಸುಣ್ಣದಿಂದ ಅಕ್ಷರ ತಿದ್ದಿ ಫೋಟೊ ತೆಗೆಯುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಆ ಫೋಟೊದಲ್ಲಿ ಕಾಣುವುದು ತಿದ್ದಿದವರ ಊಹೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಮೈಸೂರಿನಲ್ಲೇ ಇದೆ. ಅಲ್ಲಿ ಇಂಥ ಸಾವಿರಾರು ಪಡಿಯಚ್ಚುಗಳಿವೆ.

ತಲೆದಿಂಬು, ಮರಳು

ಕಾವೇರಿ ಕಪಿಲೆ ಕೂಡುವ ತಿ. ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಅವರು 1959ರಿಂದ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ನೆಲೆ ಸಿಕ್ಕಿತು. ಅಲ್ಲಿ ಸುಟ್ಟ ಮಣ್ಣಿನ ತಲೆದಿಂಬುಗಳೂ ಸಿಕ್ಕವು. ಈಜಿಪ್ಟಿನಲ್ಲೂ ತಲೆದಿಂಬುಗಳಿವೆ. ಹಾಗಿದ್ದರೆ ನೈಲ್‌ಗೂ ಕಾವೇರಿಗೂ ಸಂಬಂಧವಿತ್ತೇ? ವಿದ್ವಾಂಸರು ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳಿದ್ದಾರೆ, ಕೇಳುವುದರಲ್ಲಿ ತಪ್ಪಿಲ್ಲ. ಹೋಲಿಕೆ ಪ್ರಶ್ನೆಯನ್ನು ಹುಟ್ಟಿಸುತ್ತದೆ, ಉತ್ತರ ಕೊಡುವುದಿಲ್ಲ. ಸಂಪರ್ಕವಿತ್ತೆನ್ನಲು ಈಜಿಪ್ಟಿನ ಮಣ್ಣಿನಲ್ಲೇ ಮಾಡಿದ ಮಡಕೆ, ಅಲ್ಲಿನ ಮಣಿ, ನಡುದಾರಿಯ ಬಂದರುಗಳಲ್ಲಿ ಅದೇ ವಸ್ತು, ಎರಡೂ ಕಡೆ ಒಂದೇ ಕಾಲ ಎಂಬಂಥ ಸರಪಳಿ ಬೇಕು. ಗೀಜಾ ಮತ್ತು ಮೆಕ್ಸಿಕೊದ ಪಿರಮಿಡ್ಡುಗಳು ಒಂದೇ ಕೈಯವು ಎನ್ನುವವರ ವಾದ ಇಲ್ಲೇ ಮುರಿಯುತ್ತದೆ. ಗೀಜಾದ್ದು ಕ್ರಿ.ಪೂ. 2600ರ ಆಸುಪಾಸಿನದು, ತಿಯೋತಿಹುವಾಕಾನಿನ ಸೂರ್ಯ ಪಿರಮಿಡ್ ಕ್ರಿ.ಶ. ಮೊದಲ ಶತಮಾನಗಳದ್ದು. ನಡುವೆ ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷ ಮತ್ತು ಒಂದು ಮಹಾಸಾಗರ. ಎತ್ತರಕ್ಕೆ ರಾಶಿ ಹಾಕುವವರು ಬುಡ ಅಗಲ, ತುದಿ ಕಿರಿದು ಮಾಡಲೇಬೇಕು. ಅದನ್ನು ಯಾರೂ ಯಾರಿಂದಲೂ ಕಲಿಯಬೇಕಿಲ್ಲ.

ತಲಕಾಡಿನ ಮಾತು ಬೇರೆ. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಎಂಬ ಅಲಮೇಲಮ್ಮನ ಶಾಪ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಪಡೆದ ಸಂದರ್ಭಕ್ಕೆ ಸೇರಿದ್ದು. ಮರಳಿಗೆ ಭೌತಿಕ ಕಾರಣಗಳಿವೆ: ಕಾವೇರಿ ಅಲ್ಲಿ ತಿರುವು ತೆಗೆದುಕೊಂಡು ಮರಳು ಬಿಡುತ್ತದೆ, ವಿಜಯನಗರ ಕಾಲದಲ್ಲಿ ಮಾಧವ ಮಂತ್ರಿ ಕಟ್ಟಿಸಿದ ಕಟ್ಟೆ ಹರಿವನ್ನು ಬದಲಿಸಿತು, ನೈಋತ್ಯ ಮಾರುತದ ಗಾಳಿ ಬಯಲಾದ ಮರಳನ್ನು ಊರಿನ ಮೇಲೆ ತಂದು ಸುರಿಯಿತು. ದಿಬ್ಬಗಳು ವರ್ಷಕ್ಕೆ 9–10 ಅಡಿ ಮುಂದುವರಿಯುತ್ತಿದ್ದವೆಂದು ಬ್ರಿಟಿಷ್ ಕಾಲದ ಗೆಜೆಟಿಯರ್ ಬರೆದಿದೆ. ಮರಳು ಯಾವಾಗ ಬಂತೆಂದು ತಿಳಿಯುವ ದಾರಿಯೂ ಇದೆ. ಬೆಣಚಿನ ಕಣ ಕೊನೆಯ ಸಲ ಬಿಸಿಲು ಕಂಡ ಮೇಲೆ ಸುತ್ತಲಿನ ವಿಕಿರಣದ ಶಕ್ತಿಯನ್ನು ಒಳಗೆ ಕೂಡಿಡುತ್ತ ಹೋಗುತ್ತದೆ. ಉಕ್ಕಿನ ಕೊಳವೆಯನ್ನು ಮರಳಿನ ಪದರಕ್ಕೆ ಅಡ್ಡಲಾಗಿ ಹೊಡೆದು, ಬೆಳಕು ಸೋಕದಂತೆ ಮುಚ್ಚಿ ಪ್ರಯೋಗಾಲಯಕ್ಕೆ ಒಯ್ದರೆ ಎಷ್ಟು ವರ್ಷದಿಂದ ಕತ್ತಲಲ್ಲಿದೆ ಎಂದು ಅಳೆಯಬಹುದು. ಸ್ವಲ್ಪ ಹೊತ್ತು ಬಿಸಿಲು ತಗುಲಿದರೂ ಕೂಡಿಟ್ಟದ್ದು ಅಳಿಸಿಹೋಗುತ್ತದೆ. ಅಗೆಯುವಾಗ ಪದರಗಳ ಕ್ರಮವನ್ನೂ ನೋಡಬೇಕು. ಮನೆಯ ನೆಲದ ಮೇಲೆ ನೇರವಾಗಿ ಒಂದೇ ದಪ್ಪ ಮರಳಿದ್ದರೆ ಜನ ಬಿಟ್ಟುಹೋದ ಮೇಲೆ ಮುಚ್ಚಿದ್ದು. ನೆಲ, ಮರಳು, ಮತ್ತೆ ನೆಲ, ಮತ್ತೆ ಮರಳು ಎಂದಿದ್ದರೆ ಮರಳು ಬರುತ್ತಿದ್ದರೂ ಜನ ಮನೆ ಎತ್ತರಿಸಿಕೊಂಡು ಅಲ್ಲೇ ಬಾಳಿದ್ದರು. ಶಾಪದ ಕಥೆಯನ್ನು ಇದಕ್ಕಾಗಿ ಎಸೆಯಬೇಕಿಲ್ಲ. ರಾಜ್ಯ ಕೈಬದಲಾದದ್ದನ್ನು ಜನ ಯಾವ ನೋವಿನೊಡನೆ ನೆನಪಿಟ್ಟರೆಂಬುದಕ್ಕೆ ಅದೇ ದೊಡ್ಡ ದಾಖಲೆ. ಮರಳಿನ ತಾರೀಖನ್ನು ಅದರಿಂದ ಕೇಳಬಾರದು, ಅಷ್ಟೆ.

ನಿಜಕ್ಕೂ ಬಿಡಿಸಲಾಗದ ಒಗಟುಗಳೂ ಇವೆ. ಸಿಂಧೂ ಲಿಪಿಯಲ್ಲಿ ಸುಮಾರು 400 ಚಿಹ್ನೆಗಳಿವೆ, ಆದರೆ ಒಂದೊಂದು ಬರಹದಲ್ಲಿ ಸರಾಸರಿ ಐದೇ ಚಿಹ್ನೆ. ಎರಡು ಭಾಷೆಗಳಲ್ಲಿ ಬರೆದ ಒಂದು ಕಲ್ಲೂ ಸಿಕ್ಕಿಲ್ಲ. ಈಜಿಪ್ಟಿನ ಲಿಪಿ ಬಿಡಿಸಲು ರೊಸೆಟ್ಟಾ ಕಲ್ಲು ನೆರವಾದಂತೆ ಇಲ್ಲಿ ಏನೂ ಇಲ್ಲ. ಯಾರಾದರೂ ‘ಓದಿದ್ದೇನೆ’ ಎಂದರೆ, ತಾವು ಮೊದಲು ನೋಡಿರದ ಮುದ್ರೆಯನ್ನೂ ಅದೇ ನಿಯಮದಿಂದ, ನಿಯಮ ಬದಲಿಸದೆ ಓದಿ ತೋರಿಸಲು ಕೇಳಿ.

ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಉಳುವಾಗ, ಬೋರ್‌ವೆಲ್ ಅಥವಾ ಪಾಯ ತೋಡುವಾಗ ಕಪ್ಪು ಕೆಂಪು ಮಡಕೆ, ನುಣುಪು ಕಲ್ಲುಕೊಡಲಿ, ಬರಹದ ಕಲ್ಲು, ‘ಪಾಂಡವರ ಮನೆ’ ಎಂದು ಕರೆಯುವ ಚಪ್ಪಡಿ ಗೋರಿಗಳು ಇವತ್ತಿಗೂ ಕಾಣಿಸಿಕೊಳ್ಳುತ್ತವೆ. ಸಿಕ್ಕಾಗ ಮೊದಲು ಅಗೆಯುವುದನ್ನು ನಿಲ್ಲಿಸಿ. ವಸ್ತುವನ್ನು ಎತ್ತಬೇಡಿ, ತೊಳೆಯಬೇಡಿ. ಮಡಕೆಯೊಳಗೆ ಅಂಟಿದ ಮಸಿಯೇ ಕಾಲ ಹೇಳುವ ವಸ್ತುವಾಗಿರಬಹುದು. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು, ಹತ್ತಿರದಿಂದ ಒಂದು, ಗುಂಡಿಯ ಗೋಡೆ ಪೂರ್ತಿ ಕಾಣುವಂತೆ ಒಂದು, ದೂರದ ಮರವೋ ಮನೆಯೋ ಸೇರುವಂತೆ ಒಂದು ಫೋಟೊ ತೆಗೆಯಿರಿ. ನೆಲಮಟ್ಟದಿಂದ ಎಷ್ಟು ಆಳದಲ್ಲಿತ್ತೆಂದು ಟೇಪು ಹಿಡಿದು ಬರೆದಿಡಿ. ಕಿತ್ತು ಬಂದ ಮಣ್ಣನ್ನು ಬೇರೆ ರಾಶಿ ಮಾಡಿ, ಅದರಲ್ಲೂ ಚೂರುಗಳಿರುತ್ತವೆ. ಆಮೇಲೆ ತಾಲ್ಲೂಕಿನ ತಹಶೀಲ್ದಾರರಿಗೆ ಇಲ್ಲವೇ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಮನೆಗೆ ಒಯ್ದು ಶೋಕೇಸಿನಲ್ಲಿಟ್ಟ ಕಲ್ಲುಕೊಡಲಿಯ ಬಗ್ಗೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಎರಡಡಿ ಆಳದಲ್ಲಿ, ಸುಟ್ಟ ಹುರುಳಿಕಾಳಿನ ಪಕ್ಕದಲ್ಲಿ ಹಾಗೆಯೇ ಬಿಟ್ಟ ಕೊಡಲಿಯ ಕಾಲವನ್ನು ಆ ಕಾಳೇ ಹೇಳುತ್ತದೆ.